ಎರಡನೇ ಸ್ಪೆಲ್ ಸಿಗದವರು

ಡೆವನ್ ಮಾಲ್ಕಮ್ ಹೆಸರೆತ್ತಿದರೆ ಸಾಕು, ಇಂಗ್ಲೆಂಡಿನ ಕ್ರಿಕೆಟ್ ಪ್ರಿಯರು ಇವತ್ತಿಗೂ ಎರಡು ಪಂಗಡವಾಗುತ್ತಾರೆ. ಒಂದು ಪಂಗಡ 1994ರ ಆಗಸ್ಟ್ ತಿಂಗಳ ಓವಲ್ ಟೆಸ್ಟನ್ನು ಮುಂದಿಡುತ್ತದೆ. ಬ್ಯಾಟ್ ಮಾಡುತ್ತಿದ್ದಾಗ ಫ್ಯಾನಿ ಡಿವಿಲಿಯರ್ಸ್ ಎಸೆದ ಚೆಂಡು ಮಾಲ್ಕಮ್ ಅವರ ಹೆಲ್ಮೆಟ್ಟಿಗೆ ಬಡಿಯಿತು. ಆ ಸಿಟ್ಟಿನಲ್ಲೋ ಏನೋ, ದಕ್ಷಿಣ ಆಫ್ರಿಕಾದ ಎರಡನೇ ಇನಿಂಗ್ಸ್‌ನಲ್ಲಿ ಅವರು 57 ರನ್ ಕೊಟ್ಟು 9 ವಿಕೆಟ್ ಕಿತ್ತರು. ಇನ್ನೊಂದು ಪಂಗಡ ದಾಖಲೆ ಪುಸ್ತಕ ಬಿಚ್ಚುತ್ತದೆ: 40 ಟೆಸ್ಟ್, 128 ವಿಕೆಟ್, ಸರಾಸರಿ 37.09. 1989ರಲ್ಲಿ ಟ್ರೆಂಟ್‌ಬ್ರಿಜ್‌ನಲ್ಲಿ ಆಡಿದ ಮೊದಲ ಟೆಸ್ಟ್‌ನಲ್ಲಿ ಆಸ್ಟ್ರೇಲಿಯಾ ಮೊದಲ ದಿನವಿಡೀ ಒಂದೂ ವಿಕೆಟ್ ಕಳೆದುಕೊಳ್ಳದೆ 301 ರನ್ ಹೊಡೆದಿತ್ತು. ಮಾಲ್ಕಮ್ 166 ರನ್ ತೆತ್ತು ಪಡೆದದ್ದು ಒಂದೇ ವಿಕೆಟ್. ಇಂಥವರನ್ನು ದೊಡ್ಡ ಬೌಲರ್ ಎನ್ನಬೇಕೋ, ಒಂದು ದಿನದ ಸುಲ್ತಾನ ಎನ್ನಬೇಕೋ?

ಸ್ಟೀವ್ ಹಾರ್ಮಿಸನ್ ವಿಷಯದಲ್ಲೂ ಇದೇ ತಕರಾರು. 2004ರಲ್ಲಿ ಕಿಂಗ್‌ಸ್ಟನ್ನಿನ ಸಬೀನಾ ಪಾರ್ಕ್‌ನಲ್ಲಿ 12 ರನ್‌ಗೆ 7 ವಿಕೆಟ್ ಪಡೆದು ವೆಸ್ಟ್ ಇಂಡೀಸನ್ನು 47ಕ್ಕೆ ಉರುಳಿಸಿದವರೂ ಅವರೇ, 2006ರ ನವೆಂಬರಿನಲ್ಲಿ ಬ್ರಿಸ್ಬೇನ್‌ನಲ್ಲಿ ಆ್ಯಷಸ್ ಸರಣಿಯ ಮೊಟ್ಟಮೊದಲ ಎಸೆತವನ್ನು ನೇರವಾಗಿ ಎರಡನೇ ಸ್ಲಿಪ್‌ನಲ್ಲಿ ನಿಂತಿದ್ದ ಫ್ಲಿಂಟಾಫ್ ಕೈಗೆ ಎಸೆದವರೂ ಅವರೇ. ಜನರಿಗೆ ಹೆಚ್ಚು ನೆನಪಿರುವುದು ಎರಡನೆಯದು. 226 ಟೆಸ್ಟ್ ವಿಕೆಟ್ ಪಡೆದ ಒಬ್ಬನನ್ನು ಒಂದು ವೈಡ್ ಎಸೆತ ನುಂಗಿಹಾಕುತ್ತದೆ ಎಂದರೆ ನಾವು ಬೌಲರುಗಳನ್ನು ಅಳೆಯುವ ಕ್ರಮದಲ್ಲೇ ಎಲ್ಲೋ ಐಬಿದೆ.

ಈ ವಾದ ಇಂಗ್ಲೆಂಡಿನವರ ಮನೆಜಗಳವೇನಲ್ಲ. ಪುಣೆಯಲ್ಲಿ ಕೂತವರಿಗೆ ಇದು ಊರಿನದೇ ಸಂಗತಿ, ಕನ್ನಡಿಗರಿಗಂತೂ ಎರಡು ಪಟ್ಟು. ಮುಂಬೈ ಹೆದ್ದಾರಿಯ ಪಕ್ಕ, ಗಹುಂಜೆಯ ಬಯಲಿನಲ್ಲಿರುವ ಮಹಾರಾಷ್ಟ್ರ ಕ್ರಿಕೆಟ್ ಸಂಸ್ಥೆಯ ಮೈದಾನ ಈ ಪ್ರಶ್ನೆಗೆ ಸಾಕ್ಷಿ ಹೇಳಬಲ್ಲ ಪಂದ್ಯಗಳನ್ನು ಕಂಡಿದೆ. ಸಾಕ್ಷಿ ಹೇಳಬಲ್ಲ ಒಬ್ಬ ಮನುಷ್ಯನನ್ನೂ ಕಂಡಿದೆ.

ಪಾಂಡುರಂಗ ಸಾಲ್ಗಾಂವ್ಕರ್ ಅಂದರೆ ಇಂದಿನ ಹುಡುಗರಿಗೆ ಗಹುಂಜೆಯ ಪಿಚ್ ಕ್ಯುರೇಟರ್. 2017ರ ಅಕ್ಟೋಬರಿನಲ್ಲಿ ಟಿವಿ ಚಾನೆಲ್ಲೊಂದರ ಕುಟುಕು ಕಾರ್ಯಾಚರಣೆಯಲ್ಲಿ ಸಿಕ್ಕಿಕೊಂಡು ಅಮಾನತಾದವರು ಎಂದು ಕೆಲವರು ಗುರುತು ಹಿಡಿಯಬಹುದು. ಬುಕ್ಕಿಗಳ ಸೋಗಿನಲ್ಲಿ ಬಂದವರ ಬಗ್ಗೆ ವರದಿ ಮಾಡಲಿಲ್ಲ ಎಂಬ ಕಾರಣಕ್ಕೆ ಐಸಿಸಿ ಆರು ತಿಂಗಳ ಶಿಕ್ಷೆ ಕೊಟ್ಟಿತು. ಆದರೆ ಎಪ್ಪತ್ತರ ದಶಕದಲ್ಲಿ ಮಹಾರಾಷ್ಟ್ರದ ಪರ ರಣಜಿ ಆಡುತ್ತಿದ್ದ ಸಾಲ್ಗಾಂವ್ಕರ್ ಅಂದರೆ ದೇಶದ ಅತಿವೇಗದ ಬೌಲರ್ ಎಂದೇ ಮಾತಿತ್ತು. 63 ಪ್ರಥಮ ದರ್ಜೆ ಪಂದ್ಯ, 214 ವಿಕೆಟ್, ಸರಾಸರಿ 26.70. ಟೆಸ್ಟ್ ಮಾತ್ರ ಸೊನ್ನೆ.

ಆ ಸರಾಸರಿಯನ್ನು ಇನ್ನೊಮ್ಮೆ ಓದಬೇಕು. ಅಂದಿನ ನಮ್ಮ ಬೋಳು ಪಿಚ್‌ಗಳ ಮೇಲೆ, ಸ್ಪಿನ್ನರುಗಳ ಕೈಗೆ ಚೆಂಡು ಬೇಗ ಹೋಗಲೆಂದೇ ಮೈದಾನಕ್ಕಿಳಿಯುತ್ತಿದ್ದ ತಂಡಗಳ ಕಾಲದಲ್ಲಿ, ವೇಗದ ಬೌಲರೊಬ್ಬನಿಗೆ ಇಪ್ಪತ್ತಾರು ಚಿಲ್ಲರೆ ಸರಾಸರಿ. ‘ವೇಗವೇನೋ ಇದೆ, ಲೈನ್ ಇಲ್ಲ’ ಎಂಬ ನಮ್ಮ ಮಾಮೂಲಿ ಷರಾವನ್ನು ಇಂಥ ಅಂಕಿಯ ಪಕ್ಕದಲ್ಲಿ ಬರೆಯಲು ಧೈರ್ಯ ಬೇಕು. 1974ರಲ್ಲಿ ಇಂಗ್ಲೆಂಡಿಗೆ ಹೋದ ಭಾರತ ತಂಡದಲ್ಲಿ ಹೊಸ ಚೆಂಡು ಹಿಡಿದವರು ಆಬಿದ್ ಅಲಿ, ಸೋಲ್ಕರ್, ಮದನ್ ಲಾಲ್. ಮೂವರೂ ಶ್ರಮಜೀವಿಗಳು, ಮೂವರೂ ಮಧ್ಯಮ ವೇಗದವರು. ಮೂರು ಟೆಸ್ಟ್‌ಗಳನ್ನೂ ಸೋತೆವು. ಲಾರ್ಡ್ಸ್‌ನಲ್ಲಿ 42ಕ್ಕೆ ಆಲೌಟ್ ಆದದ್ದು ಆ ಬೇಸಿಗೆಯಲ್ಲೇ. ಸಾಲ್ಗಾಂವ್ಕರ್ ಇದ್ದಿದ್ದರೆ ಗೆಲ್ಲುತ್ತಿದ್ದೆವು ಎಂದು ಹೇಳುವುದು ಮೂರ್ಖತನ, 42 ರನ್ ಹೊಡೆದ ತಂಡವನ್ನು ಯಾವ ಬೌಲರನೂ ಕಾಪಾಡಲಾರ. ಆದರೆ ಅವರು ಅಲ್ಲಿನ ಹಸಿರು ಪಿಚ್ ಮೇಲೆ ಏನು ಮಾಡಬಲ್ಲರು ಎಂದು ನೋಡುವ ಕುತೂಹಲವೂ ಆಯ್ಕೆಗಾರರಿಗೆ ಇರಲಿಲ್ಲವಲ್ಲ ಎಂಬುದು ಕಾಡುತ್ತದೆ.

ಅಂದಿನ ಮನೋಭಾವಕ್ಕೆ ಇನ್ನೊಂದು ಉದಾಹರಣೆ ಕೊಡುತ್ತೇನೆ, ಅದರಲ್ಲಿ ನಮ್ಮವರೂ ಇದ್ದಾರೆ. 1967ರ ಬರ್ಮಿಂಗ್‌ಹ್ಯಾಮ್ ಟೆಸ್ಟ್‌ನಲ್ಲಿ ಭಾರತ ಬೇಡಿ, ಪ್ರಸನ್ನ, ಚಂದ್ರಶೇಖರ್, ವೆಂಕಟರಾಘವನ್ ನಾಲ್ವರನ್ನೂ ಒಟ್ಟಿಗೆ ಆಡಿಸಿತು. ಹೊಸ ಚೆಂಡು ಯಾರಿಗೆ ಕೊಡುವುದು? ಮುಲ್ಕಿಯಲ್ಲಿ ಹುಟ್ಟಿದ ವಿಕೆಟ್ ಕೀಪರ್ ಬುಧಿ ಕುಂದರನ್ ಅವರಿಗೆ! ಇನ್ನೊಂದು ತುದಿಯಿಂದ ಮೈಸೂರು ತಂಡದ ವಿ. ಸುಬ್ರಹ್ಮಣ್ಯ. ಕ್ರಿಕೆಟ್ ಹರಟೆಗಳಲ್ಲಿ ಇದನ್ನು ತಮಾಷೆಯ ಪ್ರಸಂಗವಾಗಿ ಹೇಳಿಕೊಂಡು ನಗುತ್ತೇವೆ. ನಗಬಹುದು. ಆದರೆ ಹೊಸ ಚೆಂಡಿನ ಹೊಳಪು ಹೋದರೆ ಸಾಕು ಎಂದುಕೊಂಡಿದ್ದ ವ್ಯವಸ್ಥೆಯಲ್ಲಿ ವೇಗದ ಬೌಲರ್ ಅನ್ನುವವನಿಗೆ ಕೆಲಸವೇ ಇರಲಿಲ್ಲ ಎಂಬುದೂ ಅದರೊಳಗಿದೆ.

ವಿಚಿತ್ರವೆಂದರೆ, ದಿಕ್ಕು ತಪ್ಪುವ ಬೌಲರನನ್ನು ಸಹಿಸುವ ವಿದ್ಯೆ ಅದೇ ಭಾರತಕ್ಕೆ ಗೊತ್ತಿತ್ತು. ಬಿ.ಎಸ್. ಚಂದ್ರಶೇಖರ್ ಅವರನ್ನೇ ನೋಡಿ. ಪೋಲಿಯೋದಿಂದ ಸೊರಗಿದ ಬಲಗೈಯಿಂದ ಮಧ್ಯಮ ವೇಗದಲ್ಲಿ ಗೂಗ್ಲಿ ಹಾಕುತ್ತಿದ್ದ ಮನುಷ್ಯ. ಒಂದು ಓವರಿನಲ್ಲಿ ಎರಡು ಚೆಂಡು ಕಾಲಬುಡಕ್ಕೆ, ಒಂದು ಅರ್ಧ ಪಿಚ್‌ಗೆ, ನಾಲ್ಕನೆಯದು ಯಾರೂ ಆಡಲಾಗದ್ದು. ಮುಂದಿನ ಎಸೆತ ಏನಾಗುತ್ತದೆಂದು ಬ್ಯಾಟ್ಸ್‌ಮನ್‌ಗೂ ತಿಳಿಯದು, ಕೀಪರ್‌ಗೂ ತಿಳಿಯದು, ಎಷ್ಟೋ ಸಲ ಚಂದ್ರ ಅವರಿಗೇ ತಿಳಿಯದು ಎಂಬುದು ಆ ಕಾಲದ ಜೋಕು. ಅಷ್ಟಾದರೂ ಅವರು 58 ಟೆಸ್ಟ್ ಆಡಿದರು, 242 ವಿಕೆಟ್ ಪಡೆದರು, ಭಾರತ ಗೆದ್ದ 14 ಟೆಸ್ಟ್‌ಗಳಲ್ಲಿ 98 ವಿಕೆಟ್ ಅವರವು. 1971ರ ಓವಲ್‌ನಲ್ಲಿ 38 ರನ್‌ಗೆ 6 ವಿಕೆಟ್ ಪಡೆದು ಇಂಗ್ಲೆಂಡ್ ನೆಲದ ನಮ್ಮ ಮೊದಲ ಗೆಲುವಿಗೆ ಕಾರಣರಾದರು. ಆ ಅರ್ಧ ಪಿಚ್ ಎಸೆತಗಳನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ, ಹಿಡಿಯಲೂ ಬಾರದಿತ್ತು. ಇನ್ನೊಂದು ತುದಿಯಲ್ಲಿ ಬೇಡಿಯವರೋ ಪ್ರಸನ್ನ ಅವರೋ ರನ್ನಿಗೆ ಕಡಿವಾಣ ಹಾಕಿ ನಿಂತಿದ್ದರಿಂದ ಚಂದ್ರ ಅವರ ಧಾರಾಳತನ ತಂಡಕ್ಕೆ ಹೊರೆಯಾಗಲಿಲ್ಲ.

ಸ್ಪಿನ್ನರ್‌ಗೆ ಕೊಟ್ಟ ಈ ವಿನಾಯಿತಿಯನ್ನು ವೇಗದವರಿಗೆ ನಾವು ಎಂದೂ ಕೊಡಲಿಲ್ಲ ಎಂಬುದೇ ನನ್ನ ತಕರಾರು. ದಿಕ್ಕು ತಪ್ಪುವುದು ಬೌಲರನೊಬ್ಬನ ಜಾತಕದಲ್ಲಿ ಬರೆದ ದೋಷವೆಂಬಂತೆ ಮಾತಾಡುತ್ತೇವೆ. ಅದರಲ್ಲಿ ಅರ್ಧ ಭಾಗ ತಂಡ ಮಾಡಿಕೊಟ್ಟದ್ದು. ಅವನಿಗೆ ಎಷ್ಟು ಓವರ್ ಸಿಕ್ಕವು, ಇನ್ನೊಂದು ತುದಿಯಲ್ಲಿ ಯಾರಿದ್ದರು, ಫೀಲ್ಡಿಂಗ್ ಹೇಗೆ ಹಾಕಿದ್ದರು, ಎಲ್ಲಕ್ಕಿಂತ ಮಿಗಿಲಾಗಿ ಮೊದಲ ಸ್ಪೆಲ್‌ನಲ್ಲಿ ಪೆಟ್ಟು ತಿಂದವನಿಗೆ ಎರಡನೇ ಸ್ಪೆಲ್ ಸಿಕ್ಕಿತೋ ಇಲ್ಲವೋ, ಇವನ್ನು ಕೇಳದೆ ಬರೆದ ತೀರ್ಪು ಅರೆಬರೆಯದು.

ಎರಡನೇ ಸ್ಪೆಲ್ ಎಂದರೇನೆಂದು ಗಹುಂಜೆಯಲ್ಲಿ 2021ರ ಮಾರ್ಚ್ 23ರಂದು ಕಂಡೆವು. ಕಂಡೆವು ಎಂದರೂ ಟಿವಿಯಲ್ಲೇ. ಮಹಾರಾಷ್ಟ್ರದಲ್ಲಿ ಕೋವಿಡ್ ಮತ್ತೆ ಏರುತ್ತಿದ್ದುದರಿಂದ ಇಂಗ್ಲೆಂಡ್ ವಿರುದ್ಧದ ಮೂರೂ ಏಕದಿನ ಪಂದ್ಯಗಳಿಗೆ ಪ್ರೇಕ್ಷಕರಿಗೆ ಪ್ರವೇಶವಿರಲಿಲ್ಲ. ಮೈಗೆ ತ್ರಿವರ್ಣ ಬಳಿದುಕೊಂಡು ಎಲ್ಲ ಪಂದ್ಯಗಳಿಗೂ ಹಾಜರಾಗುವ ಅಭಿಮಾನಿ ಸುಧೀರ್ ಗೌತಮ್ ಪಕ್ಕದ ಗುಡ್ಡ ಹತ್ತಿ ಅಲ್ಲಿಂದ ಬಾವುಟ ಬೀಸಿದರು. ಭಾರತ 5 ವಿಕೆಟ್‌ಗೆ 317. ಹೊಸ ಚೆಂಡಿನಲ್ಲಿ ಭುವನೇಶ್ವರ್ ಕುಮಾರ್ ಜೊತೆ ಮೊದಲ ಬಾರಿಗೆ ಭಾರತದ ಅಂಗಿ ತೊಟ್ಟ ಬೆಂಗಳೂರಿನ ಪ್ರಸಿದ್ಧ್ ಕೃಷ್ಣ. ಎತ್ತರದ ಆಳು, ಪಿಚ್‌ನಿಂದ ಚೆಂಡನ್ನು ಎಬ್ಬಿಸುವ ಕಸುವು ಇದೆ, ಲೈನ್ ಮಾತ್ರ ಎಲ್ಲೆಲ್ಲೋ. ಜೇಸನ್ ರಾಯ್, ಜಾನಿ ಬೇರ್‌ಸ್ಟೋ ಇಬ್ಬರೂ ಅವರನ್ನು ಹಿಡಿದು ಬಡಿದರು. ಮೂರು ಓವರಿಗೆ 37 ರನ್. ಇಂಗ್ಲೆಂಡ್ ಹದಿನೈದು ಓವರ್ ಮುಗಿಯುವ ಮುನ್ನ ವಿಕೆಟ್ ನಷ್ಟವಿಲ್ಲದೆ 135. ಪಂದ್ಯ ಕೈಬಿಟ್ಟಂತೆಯೇ ಇತ್ತು.

ಆಗ ನಾಯಕ ಕೊಹ್ಲಿ ಚೆಂಡನ್ನು ಅದೇ ಪ್ರಸಿದ್ಧ್ ಕೈಗೆ ಮತ್ತೆ ಕೊಟ್ಟರು. ರಾಯ್ 46ಕ್ಕೆ ಕ್ಯಾಚಿತ್ತರು. ಹಿಂದೆಯೇ ಬೆನ್ ಸ್ಟೋಕ್ಸ್ 1ಕ್ಕೆ. ಬೇರ್‌ಸ್ಟೋ 66 ಎಸೆತದಲ್ಲಿ 94 ಹೊಡೆದು ಶಾರ್ದೂಲ್ ಠಾಕೂರ್‌ಗೆ ಬಲಿಯಾದ ಮೇಲೆ ಇಂಗ್ಲೆಂಡ್ ಕುಸಿಯಿತು. ಬಿಲ್ಲಿಂಗ್ಸ್, ಟಾಮ್ ಕರನ್ ವಿಕೆಟ್‌ಗಳೂ ಪ್ರಸಿದ್ಧ್ ಪಾಲಾದವು. ಇಂಗ್ಲೆಂಡ್ 251, ಭಾರತಕ್ಕೆ 66 ರನ್ ಗೆಲುವು. ಪ್ರಸಿದ್ಧ್ ಲೆಕ್ಕ 8.1 ಓವರ್, 54 ರನ್, 4 ವಿಕೆಟ್. ಏಕದಿನ ಪದಾರ್ಪಣೆಯಲ್ಲಿ ಭಾರತದ ಬೌಲರೊಬ್ಬ ನಾಲ್ಕು ವಿಕೆಟ್ ಪಡೆದದ್ದು ಅದೇ ಮೊದಲು. ಮೊದಲ ಮೂರು ಓವರ್ ಬಿಟ್ಟು ನೋಡಿದರೆ ಉಳಿದ 5.1 ಓವರಿನಲ್ಲಿ 17 ರನ್, 4 ವಿಕೆಟ್. ಹೊಸದಾಗಿ ಕಲಿತುಕೊಂಡು ಬರಲು ಅವರಿಗೆ ಸಿಕ್ಕದ್ದು ಅರ್ಧ ಗಂಟೆಯ ಬಿಡುವು. ನಡುವೆ ಲೆಂಗ್ತ್ ಸ್ವಲ್ಪ ಹಿಂದೆ ಎಳೆದುಕೊಂಡರು, ಪಿಚ್‌ನ ಗಟ್ಟಿತನವನ್ನು ಬಳಸಿಕೊಂಡರು. ಕೊಹ್ಲಿ ಅವತ್ತು ‘ಹುಡುಗ ದುಬಾರಿ’ ಎಂದು ಅವರನ್ನು ಬೌಂಡರಿ ಗೆರೆಗೆ ಕಳಿಸಿ ಮರೆತಿದ್ದರೆ 3 ಓವರಿಗೆ 37 ಎಂಬುದಷ್ಟೇ ದಾಖಲೆಯಲ್ಲಿ ಉಳಿಯುತ್ತಿತ್ತು; ಅದನ್ನೇ ಓದಿ ನಾವೂ ತಲೆಯಾಡಿಸುತ್ತಿದ್ದೆವು.

ಅಂದಹಾಗೆ ಅದೇ ಪಂದ್ಯದಲ್ಲಿ ಇಂಗ್ಲೆಂಡಿನ ವೇಗಿ ಮಾರ್ಕ್ ವುಡ್ ಹತ್ತು ಓವರ್ ಪೂರ್ತಿ ಎಸೆದು 75 ರನ್ ಕೊಟ್ಟರು. ಪಡೆದದ್ದು ಎರಡು ವಿಕೆಟ್, ಕೊಹ್ಲಿ ಮತ್ತು ಶ್ರೇಯಸ್ ಅಯ್ಯರ್. ಅವರ ನಾಯಕನೂ ಅವರ ಕೋಟಾವನ್ನು ಕತ್ತರಿಸಲಿಲ್ಲ.

ಇಲ್ಲಿಂದ ಡೇವಿಡ್ ಜಾನ್ಸನ್ ಕಡೆ ತಿರುಗಿದರೆ ಬೇಸರವಾಗುತ್ತದೆ. ಅರಸೀಕೆರೆಯಲ್ಲಿ ಹುಟ್ಟಿದ ಹುಡುಗ. 1995-96ರ ರಣಜಿಯಲ್ಲಿ ಕೇರಳದ ವಿರುದ್ಧ 152 ರನ್‌ಗೆ 10 ವಿಕೆಟ್ ಪಡೆದು ಕಣ್ಣಿಗೆ ಬಿದ್ದರು. 1996ರ ಅಕ್ಟೋಬರಿನಲ್ಲಿ ದೆಹಲಿಯಲ್ಲಿ ಆಸ್ಟ್ರೇಲಿಯಾ ವಿರುದ್ಧ ಶ್ರೀನಾಥ್ ಗಾಯಗೊಂಡಿದ್ದರಿಂದ ಅವಕಾಶ ಬಂತು. ಆ ಹನ್ನೊಂದರಲ್ಲಿ ದ್ರಾವಿಡ್, ಕುಂಬ್ಳೆ, ಸುನಿಲ್ ಜೋಶಿ, ವೆಂಕಟೇಶ್ ಪ್ರಸಾದ್, ಜಾನ್ಸನ್ ಹೀಗೆ ಐವರು ಕರ್ನಾಟಕದವರು. ಎರಡನೇ ಇನಿಂಗ್ಸ್‌ನಲ್ಲಿ ಮೈಕಲ್ ಸ್ಲೇಟರ್ ಸೊನ್ನೆಗೆ ಔಟ್: ಜಾನ್ಸನ್ ಎಸೆತ ಅಂಚಿಗೆ ತಾಗಿ ಹಾರಿತು, ಸ್ಲಿಪ್‌ನಲ್ಲಿ ಅಜರುದ್ದೀನ್ ಜಿಗಿದು ಒಂದೇ ಕೈಯಲ್ಲಿ ಹಿಡಿದರು. ನೋಡಿದವರಿಗೆ ನೆನಪಿರುವುದು ಆ ಕ್ಯಾಚು. ಎಸೆತ ಯಾರದೆಂದು ಕೇಳಿದರೆ ಸ್ವಲ್ಪ ಯೋಚಿಸಬೇಕಾಗುತ್ತದೆ. ಆ ಟೆಸ್ಟ್‌ನಲ್ಲಿ ಅವರ ಒಂದು ಎಸೆತ ಗಂಟೆಗೆ 157 ಕಿ.ಮೀ. ದಾಟಿತ್ತು ಎಂಬ ಅಂಕಿ ಓಡಾಡುತ್ತಲೇ ಇರುತ್ತದೆ. ಅಂದಿನ ಅಳತೆಯನ್ನು ಇಂದಿನದರ ಪಕ್ಕ ಇಡಲಾಗದು, ಅದನ್ನು ನಾನು ವಾದಕ್ಕೆ ಬಳಸುವುದಿಲ್ಲ. ಎದುರಿಗೆ ನಿಂತವರಿಗೆ ಅವರು ವೇಗದ ಬೌಲರ್ ಎಂಬುದರಲ್ಲಿ ಸಂಶಯವಿರಲಿಲ್ಲ, ಅಷ್ಟು ಸಾಕು.

ಡಿಸೆಂಬರಿನಲ್ಲಿ ಡರ್ಬನ್. ಭಾರತ 100 ಮತ್ತು 66 ರನ್‌ಗೆ ಆಲೌಟಾಗಿ 328 ರನ್ನಿನಿಂದ ಸೋತ ಟೆಸ್ಟ್. ಜಾನ್ಸನ್‌ಗೆ ಗಿಬ್ಸ್ ಮತ್ತು ಮೆಕ್‌ಮಿಲನ್ ವಿಕೆಟ್. ಮುಂದಿನ ಕೇಪ್‌ಟೌನ್ ಟೆಸ್ಟ್‌ಗೆ ದೊಡ್ಡ ಗಣೇಶ್ ಬಂದರು. ಅಲ್ಲಿಗೆ ಜಾನ್ಸನ್ ಕಥೆ ಮುಗಿಯಿತು: ಎರಡು ಟೆಸ್ಟ್, ನಲವತ್ತು ಓವರಿನಷ್ಟು ಬೌಲಿಂಗ್, 3 ವಿಕೆಟ್, ಸರಾಸರಿ 47.66. 2024ರ ಜೂನ್ 20ರಂದು ಬೆಂಗಳೂರಿನಲ್ಲಿ 52ನೇ ವಯಸ್ಸಿನಲ್ಲಿ ಅವರು ತೀರಿಕೊಂಡಾಗ ಪತ್ರಿಕೆಗಳೆಲ್ಲ ಆ ಎರಡು ಟೆಸ್ಟ್, ಮೂರು ವಿಕೆಟ್ಟನ್ನೇ ಬರೆದವು. 39 ಪ್ರಥಮ ದರ್ಜೆ ಪಂದ್ಯಗಳಲ್ಲಿ 28.63ರ ಸರಾಸರಿಯಲ್ಲಿ ಪಡೆದ 125 ವಿಕೆಟ್ ಕೊನೆಯ ಪ್ಯಾರಾಕ್ಕೆ ಜಾರಿತ್ತು.

ಮಾಲ್ಕಮ್ ಅವರನ್ನು ಇಲ್ಲಿ ಮತ್ತೆ ತರಬೇಕು. ಅವರ ಪ್ರಥಮ ದರ್ಜೆ ಸರಾಸರಿ 30.33. ಅಂದರೆ ದೇಶೀ ಕ್ರಿಕೆಟ್‌ನ ಅಂಕಿಗಳಲ್ಲಿ ನಮ್ಮ ಸಾಲ್ಗಾಂವ್ಕರ್, ಜಾನ್ಸನ್ ಇಬ್ಬರೂ ಅವರಿಗಿಂತ ಮಿತವ್ಯಯಿಗಳು. ಮೈದಾನ ಬೇರೆ, ಎದುರಾಳಿ ಬೇರೆ, ಹೋಲಿಕೆ ಪೂರ್ತಿ ನ್ಯಾಯವಲ್ಲ, ಒಪ್ಪುತ್ತೇನೆ. ಆದರೂ ಮೊದಲ ಟೆಸ್ಟ್‌ನಲ್ಲಿ 166ಕ್ಕೆ 1 ಪಡೆದವನಿಗೆ ಇಂಗ್ಲೆಂಡ್ ಇನ್ನೂ 39 ಟೆಸ್ಟ್ ಕೊಟ್ಟಿತು. ಹಾಗೆಂದು ಅವರ ವ್ಯವಸ್ಥೆ ತೀರಾ ದೊಡ್ಡ ಮನಸ್ಸಿನದೇನಲ್ಲ. ಒಳಗೆ ಕರೆಯುವುದು, ಹೊರಗೆ ಹಾಕುವುದು ಎಂಟು ವರ್ಷ ನಡೆಯಿತು. 1995-96ರ ದಕ್ಷಿಣ ಆಫ್ರಿಕಾ ಪ್ರವಾಸದಲ್ಲಿ ಮ್ಯಾನೇಜರ್ ರೇ ಇಲ್ಲಿಂಗ್‌ವರ್ತ್ ಮತ್ತು ಬೌಲಿಂಗ್ ಕೋಚ್ ಪೀಟರ್ ಲಿವರ್ ಅವರ ಬೌಲಿಂಗ್ ಶೈಲಿಯನ್ನೇ ತಿದ್ದಲು ಹೊರಟು, ಆ ಜಗಳ ಬೀದಿಗೆ ಬಂತು. ಕೇಪ್‌ಟೌನ್‌ನಲ್ಲಿ ರಿಚರ್ಡ್‌ಸನ್ ಮತ್ತು ಪಾಲ್ ಆ್ಯಡಮ್ಸ್ ಕೊನೆಯ ವಿಕೆಟ್‌ಗೆ 73 ರನ್ ಸೇರಿಸಿದಾಗ ತಪ್ಪೆಲ್ಲ ಮಾಲ್ಕಮ್ ತಲೆಗೇ ಬಂತು. ಆದರೂ ಆ ಎಂಟು ವರ್ಷಗಳ ಒಳಗೆ-ಹೊರಗಿನ ನಡುವೆಯೇ ಅವರ ಓವಲ್ ದಿನ ಘಟಿಸಿತು, ಯಾಕೆಂದರೆ ಅವರು ಆಟದಲ್ಲಿದ್ದರು.

ಈ ವಾದಕ್ಕೆ ಎದುರು ವಾದ ಗಟ್ಟಿಯಾಗಿಯೇ ಇದೆ. ಎಲ್ಲರಿಗೂ ನೂರು ಅವಕಾಶ ಕೊಟ್ಟುಕೊಂಡು ಕೂರಲು ತಂಡವೇನು ಧರ್ಮಛತ್ರವೇ? ನಾಲ್ಕೇ ಬೌಲರುಗಳನ್ನು ಇಟ್ಟುಕೊಂಡ ನಾಯಕನಿಗೆ ಒಬ್ಬ ಓವರಿಗೆ ಆರರಂತೆ ರನ್ ಬಿಡುತ್ತಿದ್ದರೆ ಉಳಿದ ಮೂವರ ಸೊಂಟ ಮುರಿಯುತ್ತದೆ. ಹೆಚ್ಚು ಓವರ್ ಕೊಟ್ಟರೆ ನಿಖರತೆ ತಾನೇ ಬರುತ್ತದೆ ಎಂಬ ಭರವಸೆಯೂ ಇಲ್ಲ; 63 ಟೆಸ್ಟ್ ಆಡಿದ ಹಾರ್ಮಿಸನ್ ಬ್ರಿಸ್ಬೇನ್‌ನ ಆ ಎಸೆತ ಹಾಕಿದ್ದು ನಡುಹಾದಿಯಲ್ಲಿ, ಆರಂಭದಲ್ಲಲ್ಲ. ಅದೂ ಅಲ್ಲದೆ ನಾವು ‘ಸಿಕ್ಕಿದ್ದರೆ’ ಎಂದು ಹಲುಬುವ ಪ್ರತಿಯೊಬ್ಬ ವೇಗಿಯ ಜಾಗದಲ್ಲಿ ಯಾರೋ ಒಬ್ಬ ಬಿಗುವಾದ ಬೌಲರ್ ಬೆವರು ಸುರಿಸಿ ಆಡಿದ್ದಾನೆ. ದೊಡ್ಡ ಗಣೇಶ್ ಅವರ ರಣಜಿ ದುಡಿಮೆಯನ್ನು ಬಲ್ಲವರು ಜಾನ್ಸನ್ ಮೇಲಿನ ಕನಿಕರದಲ್ಲಿ ಅವರನ್ನು ಮರೆಯಲಾರರು.

ಇದಕ್ಕೆ ಉತ್ತರ ಶ್ರೀನಾಥ್ ಅವರಲ್ಲಿದೆ ಎನಿಸುತ್ತದೆ. ಮೈಸೂರಿನ ಈ ಎಂಜಿನಿಯರ್ 1991ರ ನವೆಂಬರಿನಲ್ಲಿ ಬ್ರಿಸ್ಬೇನ್‌ನಲ್ಲಿ ಮೊದಲ ಟೆಸ್ಟ್ ಆಡಿದರು. ವೇಗ ಧಾರಾಳವಾಗಿತ್ತು, ಚೆಂಡು ಒಳಕ್ಕೆ ನುಗ್ಗಿ ನುಗ್ಗಿ ಲೆಗ್ ಸ್ಟಂಪ್ ಆಚೆಗೇ ಓಡುತ್ತಿತ್ತು. ತವರಿನಲ್ಲಿ ಮೂವರು ಸ್ಪಿನ್ನರುಗಳ ಜಮಾನ. ಭಾರತದ ನೆಲದಲ್ಲಿ ಮೊದಲ ಟೆಸ್ಟ್ ಆಡಲು ಅವರು 1994ರ ಕೊನೆಯವರೆಗೆ ಕಾಯಬೇಕಾಯಿತು. 1995ರಲ್ಲಿ ಗ್ಲೌಸ್ಟರ್‌ಶೈರ್ ಕೌಂಟಿಗೆ ಹೋಗಿ ಒಂದೇ ಋತುವಿನಲ್ಲಿ 87 ವಿಕೆಟ್ ಪಡೆದರು. ವಾರಗಟ್ಟಲೆ, ತಿಂಗಳುಗಟ್ಟಲೆ, ಮೋಡದ ದಿನವೂ ಬಿಸಿಲಿನ ದಿನವೂ ಎಸೆದ ಓವರುಗಳು. ಅಲ್ಲಿಂದ ಬಂದ ಶ್ರೀನಾಥ್ ಬೇರೆಯೇ ಬೌಲರ್. 236 ಟೆಸ್ಟ್ ವಿಕೆಟ್‌ಗಳಲ್ಲಿ ಬಹುಪಾಲು ಅದರ ನಂತರದವು. ಅವರಿಗೆ ಎರಡನೇ ಸ್ಪೆಲ್ ಕೊಟ್ಟದ್ದು ನಮ್ಮ ಮಂಡಳಿಯಲ್ಲ, ಇಂಗ್ಲೆಂಡಿನ ಒಂದು ಕೌಂಟಿ! ಓವರ್ ಹಾಕಿದವರೆಲ್ಲ ತಿದ್ದಿಕೊಳ್ಳುತ್ತಾರೆಂದಲ್ಲ, ಓವರ್ ಹಾಕದೆ ತಿದ್ದಿಕೊಂಡವರನ್ನು ಮಾತ್ರ ನಾನು ಕಾಣೆ. ಬಿಗುವಾದ ಬೌಲರನನ್ನು ಕೈಬಿಡಿ ಎಂದೂ ಯಾರೂ ಹೇಳುತ್ತಿಲ್ಲ. ಚಂದ್ರ ಅವರಿಗೆ ಬೇಡಿ ಬೇಕಿದ್ದಂತೆ, ಜಾನ್ಸನ್‌ಗೆ ಪ್ರಸಾದ್, ಕುಂಬ್ಳೆ ಬೇಕಿತ್ತು. ದೆಹಲಿಯಲ್ಲಿ ಇಬ್ಬರೂ ಇದ್ದರು, ಆ ಟೆಸ್ಟ್ ಗೆದ್ದೆವು ಕೂಡ.

ಪಿಚ್‌ನ ಮಾತೂ ಬರಬೇಕು. 2017ರ ಫೆಬ್ರುವರಿಯಲ್ಲಿ ಗಹುಂಜೆಯ ಮೊಟ್ಟಮೊದಲ ಟೆಸ್ಟ್ ಮೂರೇ ದಿನದಲ್ಲಿ ಮುಗಿಯಿತು. ಆಸ್ಟ್ರೇಲಿಯಾದ ಎಡಗೈ ಸ್ಪಿನ್ನರ್ ಸ್ಟೀವ್ ಓಕೀಫ್ 70 ರನ್‌ಗೆ 12 ವಿಕೆಟ್ ಪಡೆದರು, ಭಾರತ 105 ಮತ್ತು 107, ಸೋಲು 333 ರನ್ನಿನಿಂದ. ಐಸಿಸಿ ಪಿಚ್ಚನ್ನು ‘ಕಳಪೆ’ ಎಂದಿತು. ಕ್ಯುರೇಟರ್ ಸಾಲ್ಗಾಂವ್ಕರ್. ದೇಶದ ಅತಿವೇಗಿ ಎನಿಸಿಕೊಂಡಿದ್ದವರ ಆರೈಕೆಯ ಅಂಕಣದಲ್ಲಿ ವೇಗಕ್ಕೆ ಜಾಗವೇ ಇರಲಿಲ್ಲ. 2024ರ ಅಕ್ಟೋಬರಿನಲ್ಲಿ ಇಲ್ಲಿ ನಡೆದ ಮೂರನೇ ಟೆಸ್ಟ್‌ನಲ್ಲಿ ನ್ಯೂಜಿಲೆಂಡಿನ ಸ್ಯಾಂಟ್ನರ್ 13 ವಿಕೆಟ್ ಕಿತ್ತು ನಮ್ಮನ್ನು ಮತ್ತೆ ಅದೇ ಗುಂಡಿಗೆ ಬೀಳಿಸಿದರು. ತವರಿನಲ್ಲಿ ಹೀಗೆ ಪಿಚ್ ಮಾಡಿಸಿಕೊಳ್ಳುವ ದೇಶ ವೇಗದ ಬೌಲರನಿಗೆ ಲೈನ್ ಇಲ್ಲ ಎಂದು ಬೈಯುವ ಮೊದಲು ಅವನು ಎಲ್ಲಿ ಕಲಿಯಬೇಕಿತ್ತು ಎಂಬುದನ್ನು ಹೇಳಬೇಕಾಗುತ್ತದೆ.

ಗಹುಂಜೆಯ ಮತ್ತೊಂದು ರಾತ್ರಿ 2023ರ ಜನವರಿ 5ರದು. ಶ್ರೀಲಂಕಾ ವಿರುದ್ಧ ಟಿ20. ಜಮ್ಮುವಿನ ಉಮ್ರಾನ್ ಮಲಿಕ್ ನಾಲ್ಕು ಓವರಿಗೆ 48 ರನ್ ಕೊಟ್ಟರು, 3 ವಿಕೆಟ್ ಪಡೆದರು. ಹಸರಂಗ ಅವರನ್ನು ಮೊದಲ ಎಸೆತದಲ್ಲೇ ಬೌಲ್ಡ್ ಮಾಡಿದರು. ಅದೇ ರಾತ್ರಿ ಅರ್ಷದೀಪ್ ಸಿಂಗ್ ಎರಡು ಓವರಿನಲ್ಲಿ ಐದು ನೋಬಾಲ್ ಹಾಕಿ 37 ರನ್ ತೆತ್ತರು, ಅದರಲ್ಲಿ ಮೂರು ನೋಬಾಲ್ ಸಾಲಾಗಿ. ಭಾರತ 16 ರನ್ನಿನಿಂದ ಸೋತಿತು. ಅರ್ಷದೀಪ್ ಅವರನ್ನು ಆಯ್ಕೆಗಾರರು ಕೈಬಿಡಲಿಲ್ಲ, ಸರಿಯಾಗಿಯೇ ಮಾಡಿದರು. 2024ರ ಟಿ20 ವಿಶ್ವಕಪ್ ಗೆಲುವಿನಲ್ಲಿ ಅವರ 17 ವಿಕೆಟ್‌ಗಳ ಪಾಲಿದೆ. ಉಮ್ರಾನ್ 10 ಏಕದಿನಗಳಲ್ಲಿ 13 ವಿಕೆಟ್ ಪಡೆದ ಮೇಲೆ, 2023ರ ವೆಸ್ಟ್ ಇಂಡೀಸ್ ಪ್ರವಾಸದೊಂದಿಗೆ ಪಟ್ಟಿಯಿಂದ ಜಾರಿದರು. 2024ರ ಐಪಿಎಲ್‌ನಲ್ಲಿ ಅವರ ಫ್ರಾಂಚೈಸಿ ಆಡಿಸಿದ್ದು ಒಂದೇ ಪಂದ್ಯ. ಕ್ಷಮೆ ಒಬ್ಬನಿಗೆ ಸಿಗುತ್ತದೆ, ಇನ್ನೊಬ್ಬನಿಗೆ ಸಿಗುವುದಿಲ್ಲ. ಅರ್ಷದೀಪ್ ತಪ್ಪಿದರೆ ‘ಒಂದು ಕೆಟ್ಟ ದಿನ’ ಎನ್ನುತ್ತೇವೆ, ಉಮ್ರಾನ್ ತಪ್ಪಿದರೆ ‘ಅವನ ಸ್ವಭಾವವೇ ಹಾಗೆ’ ಎನ್ನುತ್ತೇವೆ. ಅತಿವೇಗದವರ ಮೇಲೆ ನಾವು ನಡೆಸುವ ಅನ್ಯಾಯ ಇದೇ.

ಪ್ರಸಿದ್ಧ್ ಅವರ ಮುಂದಿನ ಹಾದಿಯೂ ನುಣುಪಾಗಿರಲಿಲ್ಲ. 2022ರಲ್ಲಿ ಬೆನ್ನುಮೂಳೆಯಲ್ಲಿ ಬಿರುಕು, ಆಮೇಲೆ ತೊಡೆಯ ಶಸ್ತ್ರಚಿಕಿತ್ಸೆ. 2025ರ ಜೂನ್‌ನಲ್ಲಿ ಲೀಡ್ಸ್ ಟೆಸ್ಟ್‌ನ ಮೊದಲ ಇನಿಂಗ್ಸ್‌ನಲ್ಲಿ 20 ಓವರಿಗೆ 128 ರನ್, ಎರಡನೆಯದರಲ್ಲಿ 15 ಓವರಿಗೆ 92. ಒಟ್ಟು 220 ರನ್ ಕೊಟ್ಟು 5 ವಿಕೆಟ್. ಮುಂದೆ ಬರ್ಮಿಂಗ್‌ಹ್ಯಾಮ್‌ನಲ್ಲಿ ಜೇಮೀ ಸ್ಮಿತ್ ಒಂದೇ ಓವರಿನಲ್ಲಿ 23 ರನ್ ಚಚ್ಚಿದರು. ನಮ್ಮ ಹಳೆಯ ಪದ್ಧತಿಯಲ್ಲಿ ಜಾನ್ಸನ್ ಕಥೆ ಇಲ್ಲಿಗೆ ಪುನರಾವರ್ತನೆ ಆಗಬೇಕಿತ್ತು. ಎರಡು ಟೆಸ್ಟ್ ಹೊರಗಿಟ್ಟು ಓವಲ್‌ಗೆ ಮತ್ತೆ ಕರೆದರು. ಮೊದಲ ಇನಿಂಗ್ಸ್‌ನಲ್ಲಿ 62ಕ್ಕೆ 4, ಎರಡನೆಯದರಲ್ಲಿ 126ಕ್ಕೆ 4. ಆ 126ರಲ್ಲಿ ಒಂದು ಪಾಲನ್ನು ಸಿರಾಜ್ ಖಾತೆಗೂ ಬರೆಯಬೇಕು: 19 ರನ್ನಿಗಿದ್ದ ಹ್ಯಾರಿ ಬ್ರೂಕ್ ಪ್ರಸಿದ್ಧ್ ಎಸೆತಕ್ಕೆ ಕೊಟ್ಟ ಕ್ಯಾಚನ್ನು ಹಿಡಿದು ಬೌಂಡರಿ ಹಗ್ಗ ತುಳಿದವರು ಅವರೇ. ಬ್ರೂಕ್ 111 ಹೊಡೆದರು.

ಕೊನೆಯ ದಿನ, ಆಗಸ್ಟ್ 4. ಇಂಗ್ಲೆಂಡಿಗೆ ಬೇಕಿದ್ದದ್ದು 35 ರನ್, ಕೈಯಲ್ಲಿ ನಾಲ್ಕು ವಿಕೆಟ್. ಬೆಳಗಿನ ಮೊದಲ ಓವರ್ ಪ್ರಸಿದ್ಧ್ ಅವರದು. ಮೊದಲ ಎರಡು ಎಸೆತಕ್ಕೆ ಜೇಮೀ ಓವರ್ಟನ್ ಎರಡು ಬೌಂಡರಿ. ಆ ಕ್ಷಣಕ್ಕೆ ಟಿವಿ ಮುಂದಿದ್ದ ಕೋಟ್ಯಂತರ ಆಯ್ಕೆಗಾರರು ಅವರನ್ನು ತಂಡದಿಂದ ತೆಗೆದುಹಾಕಿಯಾಗಿತ್ತು. ನಾಯಕ ಗಿಲ್ ತೆಗೆಯಲಿಲ್ಲ. ಸಿರಾಜ್ ಒಂದು ತುದಿಯಲ್ಲಿ ಐದನೇ ವಿಕೆಟ್ ಕಡೆ ನುಗ್ಗುತ್ತಿದ್ದರೆ ಇನ್ನೊಂದು ತುದಿಯಿಂದ ಪ್ರಸಿದ್ಧ್ ಎಸೆಯುತ್ತಲೇ ಹೋದರು, ಜೋಶ್ ಟಂಗ್ ಅವರನ್ನು ಬೌಲ್ಡ್ ಮಾಡಿದರು. ಭಾರತ 6 ರನ್ನಿನಿಂದ ಗೆದ್ದು ಸರಣಿ 2-2 ಆಯಿತು.

ಪ್ರಸಿದ್ಧ್ ಮಾಲ್ಕಮ್ ಅಥವಾ ಜಾನ್ಸನ್‌ರಷ್ಟು ವೇಗದವರಲ್ಲ ಎಂದು ಯಾರಾದರೂ ಹೇಳಿದರೆ ಒಪ್ಪುತ್ತೇನೆ. ಅತಿವೇಗದವರಿಗೆ ಇನ್ನೂ ಹೆಚ್ಚು ಓವರ್ ಬೇಕಾಗುತ್ತದೆ, ಅವರ ದೇಹ ಇನ್ನೂ ಬೇಗ ಮುರಿಯುತ್ತದೆ, ಆದ್ದರಿಂದ ಅವರ ಲೆಕ್ಕ ಇನ್ನೂ ನಿಧಾನವಾಗಿ ಮಾಡಬೇಕಾದದ್ದು. ಈಗ ಆಗುತ್ತಿರುವುದು ತಿರುವುಮುರುವು. ಸಾಲ್ಗಾಂವ್ಕರ್ ಕಾಲದಲ್ಲಿ ವೇಗಿಯನ್ನು ಕಂಡರೂ ಕರೆಯುತ್ತಿರಲಿಲ್ಲ. ಈಗ ಸ್ಪೀಡ್ ಗನ್‌ನಲ್ಲಿ ನೂರೈವತ್ತು ಕಂಡರೆ ವಾರದೊಳಗೆ ಹೆಸರು ಮನೆಮಾತು. ಆದರೆ ಐಪಿಎಲ್ ಇರಲಿ, ನಮ್ಮ ಮಹಾರಾಜ ಟ್ರೋಫಿ ಇರಲಿ, ಬೌಲರನಿಗೆ ಸಿಗುವುದು 24 ಎಸೆತ. ಪೆಟ್ಟು ತಿಂದು, ಮಧ್ಯಾಹ್ನ ಊಟ ಮಾಡಿ, ಹಳೆಯ ಚೆಂಡಿನಲ್ಲಿ ಮತ್ತೆ ಬಂದು ಎಸೆಯುವ ಪಾಠ ಆ 24ರಲ್ಲಿ ಇಲ್ಲವೇ ಇಲ್ಲ. 2024ರ ಏಪ್ರಿಲ್ 2ರಂದು ಚಿನ್ನಸ್ವಾಮಿ ಮೈದಾನದಲ್ಲಿ ದೆಹಲಿಯ ಮಯಾಂಕ್ ಯಾದವ್ ಆರ್‌ಸಿಬಿ ವಿರುದ್ಧ 156.7 ಕಿ.ಮೀ. ವೇಗದಲ್ಲಿ ಎಸೆದು 14 ರನ್‌ಗೆ 3 ವಿಕೆಟ್ ಪಡೆದಾಗ ಆರ್‌ಸಿಬಿ ಅಭಿಮಾನಿಗಳೂ ಬಾಯಿ ಬಿಟ್ಟು ನೋಡಿದರು. ಅದೇ ವರ್ಷ ಭಾರತದ ಪರ ಮೂರು ಟಿ20 ಆಡಿದರು, ಬೆನ್ನು ಕೈಕೊಟ್ಟಿತು. ಚಿನ್ನಸ್ವಾಮಿಗೆ ಬರುವ ಹೊತ್ತಿಗೆ ಅವರು ಆಡಿದ್ದ ಪ್ರಥಮ ದರ್ಜೆ ಪಂದ್ಯ ಒಂದೇ ಒಂದು. ಮುಂದೊಂದು ದಿನ ಅವರ ಬಗ್ಗೆ ‘ವೇಗವಿತ್ತು, ಬೇರೇನೂ ಇರಲಿಲ್ಲ’ ಎಂದು ಬರೆಯಹೊರಟವರು ಆ ಒಂದನ್ನೂ ಅಂಕಿಗಳ ಸಾಲಿನಲ್ಲಿ ಸೇರಿಸಲಿ.